ಗಿಲಕಿ ಹುಡುಕಿದವರಿಗೆ ಕಂಡದ್ದು

ನಮ್ಮದು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆ. ಮನೆಯ ಮುಂದಿನ ಹಜಾರವೇ ಕಾರ್ಖಾನೆ. ನನ್ನ ಯಜಮಾನರು ಲೇತ್ ಯಂತ್ರದ ಮುಂದೆ ಕೂತು ಹಾಲೆಮರದ ತುಂಡನ್ನು ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಗಿಲಕಿಯೊಳಗೆ ಕಾಳು ತುಂಬುವುದು, ಉಂಗುರ ಸೇರಿಸುವುದು, ಎಲ್ಲಾದರೂ ಸಿಬಿರು ಉಳಿದಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಹಲ್ಲು ಬರುವ ಕೂಸುಗಳು ಬಾಯಿಗೆ ಇಟ್ಟುಕೊಳ್ಳುವ ವಸ್ತು. ಹಾಗಾಗಿ ಪ್ರತಿಯೊಂದನ್ನೂ ಕೆನ್ನೆಗೆ ಉಜ್ಜಿ ನೋಡುತ್ತೇನೆ. ಬೆರಳಿಗೆ ತಿಳಿಯದ ತರಿ ಕೆನ್ನೆಗೆ ತಿಳಿಯುತ್ತದೆ.

ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಶೆಡ್ಡೊಂದಿದೆ. ಗೂಡು ಬೇಯಿಸಿದ ನೀರಿನ, ಸತ್ತ ಹುಳುವಿನ ವಾಸನೆ ದಿನವಿಡೀ ನಮ್ಮ ಅಡುಗೆಮನೆಗೆ ಬರುತ್ತದೆ. ಬೆಂಗಳೂರಿನ ನೆಂಟರು ಬಂದರೆ ಸೆರಗು ಮೂಗಿಗೆ ಹಿಡಿಯುತ್ತಾರೆ. ನನಗೆ ಏನೂ ಅನಿಸುವುದಿಲ್ಲ. ನಾನು ಬೈರಾಪಟ್ಟಣದಲ್ಲಿ ಹುಟ್ಟಿ, ಕೊಟ್ಟಿಗೆ ಬಾಚಿ, ಹುಳುವಿನ ಕಸ ಎತ್ತಿ ಬೆಳೆದವಳು. ಹೇಸಿಗೆ ಪಡುವುದು ನನ್ನ ಜಾಯಮಾನವಲ್ಲ ಎಂದು ತಿಳಿಯಲಿ ಎಂದೇ ಇದನ್ನು ಹೇಳುತ್ತಿದ್ದೇನೆ. ಅಂಥವಳಿಗೂ ಹೇಸಿಗೆಯಾಗುವಂಥದ್ದೊಂದು ನಡೆಯಿತು.

ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಅಂಗಡಿಯವರು ನಮ್ಮಿಂದ ಮಾಲು ಎತ್ತುವುದನ್ನೂ ಕಡಿಮೆ ಮಾಡಿದರು. ಗಿರಾಕಿಗಳಿಗೆ ನಾವೇ ನೇರವಾಗಿ ಕಳಿಸೋಣ ಎಂದುಕೊಂಡು ವೆಬ್‌ಸೈಟ್ ಮಾಡಿಸಲು ರಾಮನಗರಕ್ಕೆ ಹೋದೆವು. ಅದನ್ನು ಮಾಡಿಕೊಡುವವರು ನಲವತ್ತರ ಆಸುಪಾಸಿನ ಒಬ್ಬ ಗಂಡಸು. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆ ಒಂದು ಮಹಡಿಯ ಮೇಲೆ ಅವರ ಆಫೀಸು.

"ಹೆಸರು ಏನಂತ ಇಡಾಣ?" ಎಂದು ಕೇಳಿದರು.

"ಗಿಲಕಿ ಅಂತ ಇರ್ಲಿ. ಅದ್ರ ಪಕ್ಕಕ್ಕೇ ನಮ್ಮೂರ್ ಹೆಸರು ಸೇರ್ಸ್ಬುಡಿ," ಎಂದರು ನಮ್ಮ ಯಜಮಾನರು.

ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರನ್ನು ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ ಎನ್ನುವುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಒಂದು ರೀತಿ, ಬಸ್ಸಿನ ಮೇಲೆ ಇನ್ನೊಂದು ರೀತಿ, ಮದುವೆ ಕಾರ್ಡಿನಲ್ಲಿ ಮತ್ತೊಂದು. 'ಎ' ಇರುವ ಕಡೆ 'ಇ' ಹಾಕುತ್ತಾರೆ, ಒಂದು 'ಟಿ' ಸಾಲದೆಂದು ಎರಡು ಹಾಕುತ್ತಾರೆ. ವೆಬ್‌ಸೈಟ್ ಮಾಡುವವರು ತಮಗೆ ಸರಿ ಕಂಡದ್ದನ್ನು ಹಾಕಿದರು, ನಾವು ತಲೆಯಾಡಿಸಿ ಬಂದೆವು. ವೆಬ್‌ಸೈಟಿನ ವಿಳಾಸವನ್ನು ಪುಟ್ಟ ಚೀಟಿಗಳ ಮೇಲೆ ಅಚ್ಚು ಹಾಕಿಸಿ ಪ್ರತಿ ಗಿಲಕಿಯ ಹಿಡಿಗೂ ದಾರದಲ್ಲಿ ಕಟ್ಟಿದೆವು. ದೂರದೂರದಿಂದ ಆರ್ಡರು ಬರತೊಡಗಿತು. ನಾನು ಖುಷಿಯಾಗಿ ಎಲ್ಲರಿಗೂ ವಿಳಾಸವನ್ನು ಬಾಯಿಪಾಠ ಮಾಡಿಸುತ್ತಿದ್ದೆ.

ನನ್ನ ಅಕ್ಕ ಕುದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ಆ ಊರಿಗೇ ಸೊಸೆಯಾಗಿ ಹೋದವಳು. ಈಗ ಕಾಲೇಜಿಗೆ ಹೋಗುವ ಹುಡುಗರೂ ಅವಳ ಮುಂದೆ ಕೂತು ಅ ಆ ಕಲಿತವರು. ಸೆರಗಿಗೆ ಪಿನ್ನು ಚುಚ್ಚದೆ ಹೊಸ್ತಿಲು ದಾಟುವ ಹೆಂಗಸಲ್ಲ. ಒಂದು ರಾತ್ರಿ ಅವಳ ಫೋನು ಬಂತು. ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ.

"ನಿನ್ ಗಿಲಕಿ ಮನೆ ಹಾಳಾಗ," ಎಂದಳು. ಆಮೇಲೆ ಬರೀ ಅಳು.

ಅಳುವಿನ ನಡುವೆ ಹೇಳಿದ್ದನ್ನು ಜೋಡಿಸಿಕೊಂಡಾಗ ವಿಷಯ ತಿಳಿಯಿತು. ಅವತ್ತು ಅಂಗನವಾಡಿಯಲ್ಲಿ ತಾಯಂದಿರ ಸಭೆ. ಊರಿನವರೊಬ್ಬರು ದಾನ ಕೊಟ್ಟ ದೊಡ್ಡ ಟಿ.ವಿ. ಅಲ್ಲಿನ ಗೋಡೆಗಿದೆ, ಮೊಬೈಲಿನಲ್ಲಿ ತೆರೆದದ್ದನ್ನು ಅದರಲ್ಲಿ ಕಾಣಿಸಬಹುದು. ಪೌಷ್ಟಿಕ ಆಹಾರದ ಮಾತೆಲ್ಲ ಮುಗಿದ ಮೇಲೆ ಅಕ್ಕ, "ನನ್ ತಂಗಿ ಮನೇಲಿ ಮಾಡೋ ಆಟದ ಸಾಮಾನು ತೋರುಸ್ತೀನಿ ತಡೀರವ್ವ. ಮಕ್ಳು ಬಾಯಿಗಾಕಂಡ್ರೂ ಏನೂ ಆಗಕಿಲ್ಲ," ಎಂದು ಮೊಬೈಲು ತೆಗೆದಳು. ಚೀಟಿ ನೋಡಲಿಲ್ಲ. ನಾನು ಬಾಯಿಪಾಠ ಮಾಡಿಸಿದ್ದೆನಲ್ಲ, ಕಿವಿಗೆ ಕೇಳಿಸಿದಂತೆ ಬರೆದಳು. ಪರದೆ ಬೆಳ್ಳಗಾಯಿತು, ಮಿಣುಕಿತು, ಏನೋ ಬಂದು ಹೋಯಿತು, ಮತ್ತೇನೋ ಬಂತು. ಆಮೇಲೆ ಗೋಡೆಯಗಲಕ್ಕೆ ಬಟ್ಟೆಯಿಲ್ಲದ ಹೆಣ್ಣು ಗಂಡು. ಅದರ ಸದ್ದೂ ಸೇರಿ.

ಅಕ್ಕ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳಂತೆ. ಒತ್ತಿದಷ್ಟೂ ಹೊಸ ಚಿತ್ರ ಬಂತಂತೆ. ತಾಯಂದಿರು ತೊಡೆಯ ಮೇಲಿದ್ದ ಕೂಸುಗಳ ಮುಖವನ್ನು ಸೆರಗಿನೊಳಗೆ ಹುದುಗಿಸಿಕೊಂಡು ಎದ್ದರು. ಮೊಬೈಲು ಅಕ್ಕನ ಕೈಯಿಂದ ಜಾರಿ ಚಾಪೆಯ ಮೇಲೆ ಬಿತ್ತು. ಕೊನೆಗೆ ಒಳಗಿದ್ದ ಸಹಾಯಕಿ ಓಡಿಬಂದು ಟಿ.ವಿ.ಯ ವೈರನ್ನೇ ಕಿತ್ತಳು.

ಸಂಜೆಯ ಹೊತ್ತಿಗೆ ಊರೆಲ್ಲ ಒಂದೇ ಮಾತು. ಟೀಚರ ಮೊಬೈಲಿನಲ್ಲಿ ಇರುವುದೇ ಅಂಥದ್ದಂತೆ. ಆ ಮಾತಿಗಿಂತ ಅಕ್ಕನಿಗೆ ಹೆಚ್ಚು ಚುಚ್ಚಿದ್ದು ಬೇರೆ. ಭಾವ ಹೊಲದಿಂದ ಬಂದು ಕಾಲು ತೊಳೆದುಕೊಂಡವರು ಊಟಕ್ಕೂ ಕೂರದೆ, "ಎಲ್ಲಿ, ಮೊಬೈಲ್ ಕೊಡು ಇಲ್ಲಿ," ಎಂದು ಕೈಚಾಚಿದ್ದರು. ಕೂತು ಒಂದೊಂದಾಗಿ ಎಲ್ಲವನ್ನೂ ತೆಗೆದು ನೋಡಿದ್ದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಮಾಗಡಿಯಲ್ಲಿ ಬಸ್ಸು ಬದಲಿಸಿ ಅಕ್ಕನ ಊರು ತಲುಪಿದಾಗ ಭಾವ ಜಗಲಿಯ ಮೇಲೆ ಕೂತಿದ್ದರು.

"ನಾನೇನ್ ಅನುಮಾನ ಪಟ್ಟಿಲ್ಲ ಕಣವ್ವ," ಎಂದರು ನಾನು ಕೇಳುವ ಮೊದಲೇ. "ನಾಳೆ ಊರೋರ್ ಕೇಳುದ್ರೆ ಏನಾರ ಏಳ್ಬೇಕಲ್ಲ. ಅದ್ಕೆ ಒಸಿ ನೋಡ್ದೆ ಅಷ್ಟೆ."

ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿದ ಮನುಷ್ಯ. ಅವರ ಮುಖ ನೋಡಲಾಗದೆ ಒಳಗೆ ಹೋದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿ ಕೂರಿಸಿ, ಕೈಗೆ ಒಂದು ಹಾಳೆ ಕೊಟ್ಟು, ಅವತ್ತು ಹೇಗೆ ಬರೆದೆಯೋ ಹಾಗೆಯೇ ಬರಿ ಎಂದೆ. ಬರೆದಳು. ಊರಿನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬೇರೆ, 'ಎ' ಬದಲು 'ಇ'.

"ನೋಡು, ಇಲ್ಲಿ ತಪ್ಪೈತೆ. ನಮ್ದು ಇದಲ್ಲ."

"ಒಂದ್ ಅಕ್ಸರಕ್ಕೆ ಇಷ್ಟೊಂದಾ?" ಎಂದಳು ಅಕ್ಕ. "ನಾನು ಮಕ್ಳು ಎಷ್ಟ್ ತಪ್ ಬರುದ್ರೂ ಬಯ್ಯಕಿಲ್ಲ ಕಣೆ."

ಮಧ್ಯಾಹ್ನ ಅಂಗನವಾಡಿಗಳ ಮೇಲ್ವಿಚಾರಕಿ ವಿಚಾರಿಸಲು ಮನೆಗೇ ಬಂದರು. ಕೆಟ್ಟವರಲ್ಲ, ಆದರೆ ಅವರಿಗೂ ಮೇಲೆ ಉತ್ತರ ಕೊಡಬೇಕು. ನಾನೇ ಮುಂದೆ ಹೋಗಿ, ಮೇಡಂ, ಇದು ಅಕ್ಕನ ತಪ್ಪಲ್ಲ, ನಿಮ್ಮ ಕಣ್ಣೆದುರೇ ತೋರಿಸುತ್ತೇನೆ ಎಂದು ನನ್ನ ಮೊಬೈಲಿನಲ್ಲಿ ಅದೇ ತಪ್ಪು ವಿಳಾಸವನ್ನು ಒತ್ತಿದೆ. ಪರದೆ ಮಿಣುಕಿತು. ಬಂದದ್ದು ಚಪ್ಪಲಿ ಅಂಗಡಿ. ಬಣ್ಣಬಣ್ಣದ ಶೂಗಳು. ಮತ್ತೆ ಒತ್ತಿದೆ. ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಆಟ. ಮತ್ತೆ ಒತ್ತಿದೆ. ನಿಮ್ಮ ಮೊಬೈಲಿಗೆ ವೈರಸ್ ಬಂದಿದೆ, ಕೂಡಲೇ ಇಲ್ಲಿ ಮುಟ್ಟಿ ಎಂಬ ಕೆಂಪು ಅಕ್ಷರ. ಹೊಲಸು ಬರಲಿ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು, ಅದೇ ಕೊನೆ. ಬರಲಿಲ್ಲ.

"ಇದ್ರಲ್ಲಿ ಅಂಥದ್ದೇನೂ ಇಲ್ವಲ್ಲಮ್ಮ," ಎಂದರು ಮೇಲ್ವಿಚಾರಕಿ.

"ಒಂದೊಂದ್ ಸಲ ಒಂದೊಂದು ಬತ್ತೈತೆ ಮೇಡಂ."

"ಇರಬಹುದು. ಆದ್ರೆ ನಾನು ಕಂಡಿದ್ದನ್ನ ತಾನೇ ಹೇಳಕ್ಕಾಗೋದು? ಇನ್ಮೇಲೆ ಮೊಬೈಲು ಟಿ.ವಿ. ಎಲ್ಲ ನೋಡ್ಕೊಂಡು ಬಳಸಿ," ಎಂದು ಅಕ್ಕನ ಕಡೆ ತಿರುಗಿ ಹೇಳಿ ಎದ್ದರು. ಅಕ್ಕ ತಲೆ ಎತ್ತಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಭಾವ ಸದ್ದಿಲ್ಲದೆ ಹಿತ್ತಲಿಗೆ ಹೋದರು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಒಬ್ಬ ಅಜ್ಜ, ಪಕ್ಕದಲ್ಲಿ ನಾನು. ಮನಸ್ಸು ತಡೆಯಲಿಲ್ಲ. ಇನ್ನೊಂದು ಸಲ ನೋಡೇಬಿಡೋಣ ಎಂದು ಅದೇ ವಿಳಾಸ ಒತ್ತಿದೆ. ಈ ಸಲ ಬಂತು. ನಾಲ್ಕು ಜನ ನಿಂತು ಪ್ರಯಾಣ ಮಾಡುತ್ತಿದ್ದ ಬಸ್ಸಿನಲ್ಲಿ, ಬೆಳ್ಳನೆಯ ಹಗಲಲ್ಲಿ, ನನ್ನ ಅಂಗೈ ಮೇಲೆ ಅದು ಬಂತು. ನಾನು ನೋಡಿದ್ದು ಒಂದು ಕ್ಷಣ. ಆ ಹೆಣ್ಣಿನ ಮುಖದಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ. ಸಂತೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ದನದ ಕಣ್ಣಿನ ಹಾಗೆ ಕಣ್ಣು. ಮೊಬೈಲನ್ನು ಮಡಿಲಿಗೆ ಮಗುಚಿ ಹಾಕಿದೆ. ಅಷ್ಟರಲ್ಲಿ ಅಜ್ಜ ನೋಡಿಯಾಗಿತ್ತು.

"ರಾಮ ರಾಮ," ಎಂದು ಅವರು ಪಂಚೆ ಒತ್ತರಿಸಿಕೊಂಡು ಎದ್ದರು. ನನ್ನ ಮೊಣಕಾಲಿಗೂ ತಾಗದಂತೆ ಜರುಗಿ ದಾಟಿ, ಹಿಂದೆ ಹೋಗಿ ಕಂಬಿ ಹಿಡಿದು ನಿಂತರು. ಸೀಟು ಖಾಲಿಯಿದ್ದರೂ ಯಾರೂ ನನ್ನ ಪಕ್ಕ ಕೂರಲಿಲ್ಲ. ಅಥವಾ ಹಾಗೆಂದು ನನಗನ್ನಿಸಿತೋ. ಬಾಯಲ್ಲಿ ಹುಳಿ ನೀರು ಬಂತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇಕೆ ಎಂದು ಆಗ ಅರ್ಥವಾಯಿತು.

ಊರಿಗೆ ಹೋಗದೆ ರಾಮನಗರದಲ್ಲೇ ಇಳಿದು ವೆಬ್‌ಸೈಟ್ ಮಾಡಿಕೊಟ್ಟವರ ಮಹಡಿ ಹತ್ತಿದೆ. ಎಲ್ಲ ಕೇಳಿಸಿಕೊಂಡು ಅವರು, "ಬಂದಾಗ ಪರದೆದು ಫೋಟೋ ತಗೊಂಡ್ರಾ ಮೇಡಂ?" ಎಂದರು.

"ಅದನ್ನ ನನ್ ಮೊಬೈಲಲ್ಲಿ ಮಡಿಕಳ್ಳನಾ?"

ಅವರು ನನಗೆ ಕುರ್ಚಿ ಎಳೆದುಕೊಟ್ಟು ವಿವರಿಸಿದರು. ಜನ ಯಾವ ಯಾವ ಅಕ್ಷರ ತಪ್ಪು ಒತ್ತಬಹುದು ಎಂದು ಲೆಕ್ಕ ಹಾಕಿ, ಆ ತಪ್ಪು ವಿಳಾಸಗಳನ್ನೆಲ್ಲ ಮೊದಲೇ ಕೊಂಡಿಟ್ಟುಕೊಳ್ಳುವವರು ಇದ್ದಾರಂತೆ. ದಾರಿತಪ್ಪಿ ಬಂದವರನ್ನು, ಆ ಗಳಿಗೆಯಲ್ಲಿ ಯಾರು ಹೆಚ್ಚು ಕೊಡುತ್ತಾರೋ ಅವರ ಬಾಗಿಲಿಗೆ ತಳ್ಳುತ್ತಾರಂತೆ. ಒಮ್ಮೆ ಚಪ್ಪಲಿಯವರಿಗೆ, ಒಮ್ಮೆ ಇಸ್ಪೀಟಿನವರಿಗೆ, ಒಮ್ಮೆ ಆ ಹೊಲಸಿನವರಿಗೆ.

"ಯಾರು ಅವರು? ಎಲ್ಲಿರೋದು?"

"ಯಾವ್ ದೇಶದೋರೋ ಯಾರಿಗ್ ಗೊತ್ತು? ಮನುಷ್ಯರು ಕೂತ್ಕೊಂಡು ತಳ್ತಾ ಇರಲ್ಲ. ಮೆಶಿನ್ನೇ ಎಲ್ಲ ಮಾಡ್ತದೆ. ಅದು ಒಂಥರಾ ಬಿಸ್ನೆಸ್ಸು ಮೇಡಂ."

ಅವರ ಕಂಪ್ಯೂಟರಿನಲ್ಲಿ ಅದೇ ವಿಳಾಸ ಒತ್ತಿ, ಬಂದ ಪುಟದ ತಳಭಾಗವನ್ನು ಬೆರಳಿಟ್ಟು ತೋರಿಸಿದರು. ಈ ವಿಳಾಸ ಮಾರಾಟಕ್ಕಿದೆ ಎಂದು ಸಣ್ಣಕ್ಷರದಲ್ಲಿತ್ತು. "ನೀವೇ ಕೊಂಡ್ಕೊಂಡ್ಬುಟ್ರೆ ಈ ಕಾಟ ಮುಗೀತದೆ."

"ಎರಡು 'ಟಿ' ಹಾಕಿ ಬರೆಯೋರು?"

"ಅದನ್ನೂ ಕೊಂಡ್ಕೋಬೇಕಾಯ್ತದೆ."

ನನಗೆ ಮೈ ಉರಿಯಿತು. ನಮ್ಮ ಹೊಸ್ತಿಲ ಮೇಲೆ ಹೇತುಹೋದವನು ತಿರುಗಿ ಬಂದು, ಬಳಿದು ಹಾಕಲು ಇಷ್ಟು ಕೊಡಿ ಎಂದು ಕೈಚಾಚಿದ ಹಾಗೆ. ಅವನ ಮುಖವೂ ಕಾಣುವುದಿಲ್ಲ, ಉಗಿಯೋಣವೆಂದರೆ. ಮಹಡಿ ಇಳಿದು ಬಂದೆ.

ಮನೆಯಲ್ಲಿ ಯಜಮಾನರ ಲೆಕ್ಕಾಚಾರ ಬೇರೆ. "ಕೊಂಡ್ಬುಡಾಣ ಕಣೆ. ಈಗೀಗ ನಾಲ್ಕ್ ಆರ್ಡರ್ ಬತ್ತಾ ಐತೆ," ಎಂದರು. ಅಲ್ಲೇ ಕುರ್ಚಿಯಲ್ಲಿ ಹಳೆಯ ರಸ್ತೆಯ ಗೊಂಬೆ ಅಂಗಡಿಯವರು ಕೂತಿದ್ದರು. ನಮ್ಮ ಮದುವೆಯ ಕಾಲದಿಂದ ಪರಿಚಯ, ನನ್ನನ್ನು ತಂಗಿ ಎಂದೇ ಕರೆಯುವವರು. ಅವರು ಕಾಫಿ ಹೀರುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಲೋಟ ಕೆಳಗಿಟ್ಟು, ಮೀಸೆಯಡಿಯಲ್ಲಿ ನಗು ಅಡಗಿಸಿಕೊಂಡು ಕೇಳಿದರು:

"ಯಾವ್ ಸ್ಪೆಲ್ಲಿಂಗು ಅಂದ್ರಿ?"

ಅರೆಗಳಿಗೆ ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಸ್ಸಿನಲ್ಲಿ ಬಂದ ಹುಳಿ ನೀರೇ ಮತ್ತೆ ಬಾಯಿಗೆ ಬಂತು. ಯಾವುದೋ ದೇಶದ ಮೆಶಿನ್ನಿನ ಮೇಲೆ ಬಂದ ಸಿಟ್ಟು ಆ ಮೀಸೆಯ ಮೇಲೆ ಬಂದದ್ದರ ಅರ್ಧಕ್ಕೂ ಸಮವಲ್ಲ.

"ಎದ್ದೋಗಿ ಅಣ್ಣ," ಎಂದೆ.

"ಅಯ್ಯೋ, ತಮಾಸೆಗಂದೆ ತಂಗಿ..."

"ಎದ್ದೋಗಿ ಅಂದೆ."

ಅವರು ಹೋದ ಮೇಲೆ ಯಜಮಾನರು, "ತಮಾಷೆಗೆ ಅಂದಿದ್ದಕ್ಕೆ ಇಂಗಾ ಆಡೋದು?" ಎಂದು ಗೊಣಗಿದರು. ನಾನು ಆ ಕಾಫಿ ಲೋಟವನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಆ ವಾರವೇ ಅಕ್ಕ ಫೋನಿನಲ್ಲಿ, ಕುದೂರಿನ ಟೀ ಅಂಗಡಿಯ ಮುಂದೆಯೂ ಗಂಡಸರು ಗುಂಪುಗೂಡಿ ಅಕ್ಷರ ಒಂದೊಂದಾಗಿ ಹೇಳಿಕೊಂಡು ಮೊಬೈಲು ಒತ್ತುತ್ತಿದ್ದಾರೆ, ದಾರಿಯಲ್ಲಿ ಹೋಗುವಾಗ ಕಿವಿಗೆ ಬಿತ್ತು ಎಂದಳು. ಟೀಚರ್ ಹೀಗೆ ಹಾಗೆ ಎಂದು ಆಡಿಕೊಂಡವರೂ ಅವರೇ. ಅವಳ ಮಾನ ಹೋದದ್ದಲ್ಲದೆ, ಅವರು ಒತ್ತಿದ ಒಂದೊಂದು ಸಲವೂ ಆ ಮುಖವಿಲ್ಲದವನಿಗೆ ಲಾಭ.

ಅವತ್ತು ರಾತ್ರಿ ಊಟವಾದ ಮೇಲೆ ನಾನು ಕತ್ತರಿ ತೆಗೆದುಕೊಂಡು ಕೂತೆ. ಕಟ್ಟಿಟ್ಟಿದ್ದ ಗಿಲಕಿಗಳ ಚೀಟಿಗಳನ್ನು ಕತ್ತರಿಸತೊಡಗಿದೆ. ಯಜಮಾನರು ಸ್ವಲ್ಪ ಹೊತ್ತು ನೋಡಿದರು.

"ಸರಿಯಾದ್ ವಿಳಾಸ್ವೇ ಅಲ್ವೇನೆ ಅದರಲ್ಲಿರೋದು?"

"ಸರಿಯಾದ್ದೇ. ಅದನ್ನ ನೋಡ್ಕಂಡು ಒಂದ್ ಅಕ್ಸರ ತಪ್ಪಿ ಒತ್ತೋಳು ಇನ್ನೊಬ್ಳು ಅಕ್ಕ ಇರ್ತಾಳೆ. ಅವಳ್ ಗಂಡನೂ ಮೊಬೈಲ್ ಕೊಡು ಅಂತಾನೆ."

ಅವರು ಇನ್ನೊಂದು ಕತ್ತರಿ ತಂದು ಎದುರಿಗೆ ಕೂತರು. ಮಾರನೆಯ ದಿನ ರಾಮನಗರಕ್ಕೆ ಫೋನು ಮಾಡಿ, ವೆಬ್‌ಸೈಟ್ ಮುಚ್ಚಿಬಿಡಿ ಎಂದು ಅವರೇ ಹೇಳಿದರು.

ಮುಂದಿನ ತಾಯಂದಿರ ಸಭೆಗೆ ಅಕ್ಕ ನನ್ನನ್ನು ಕರೆದಳು. ಒಬ್ಬಳೇ ಅವರೆದುರು ನಿಲ್ಲಲು ಅವಳಿಗೆ ಧೈರ್ಯವಿರಲಿಲ್ಲ. ನಾನು ಬುಟ್ಟಿ ತುಂಬ ಗಿಲಕಿ ಒಯ್ದೆ. ಪರದೆಯಲ್ಲಿ ತೋರಿಸಲು ಹೋಗಿ ಹೀಗಾಯಿತು, ಈಗ ಕೈಯಲ್ಲೇ ಹಿಡಿದು ನೋಡಲಿ ಎಂದು. ಎಂದಿನ ಅರ್ಧದಷ್ಟು ಹೆಂಗಸರೂ ಬಂದಿರಲಿಲ್ಲ. ಬಂದವರು ಬಾಗಿಲ ಹತ್ತಿರವೇ ಕೂತರು. ಅಕ್ಕ ಆಹಾರದ ಪೊಟ್ಟಣ ಹಂಚಿದಳು.

ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ಚಿಕ್ಕ ವಯಸ್ಸಿನ ಸೊಸೆ ಬುಟ್ಟಿಯ ಹತ್ತಿರ ಬಂದು ಒಂದು ಗಿಲಕಿ ಎತ್ತಿಕೊಂಡಳು. ತಿರುಗಿಸಿ ನೋಡಿದಳು.

"ಚೀಟಿ ಇಲ್ವಾ ಅಕ್ಕಾ ಇದ್ರಲ್ಲಿ?" ಎಂದು ನನ್ನನ್ನು ಕೇಳಿದಳು.

"ಕತ್ತರಿಸಿ ಹಾಕ್ದೆ ಕಣವ್ವ."

ಅವಳು ಒಮ್ಮೆ ಹಿಂದೆ ತಿರುಗಿ ಉಳಿದ ಹೆಂಗಸರನ್ನು ನೋಡಿದಳು. ಆಮೇಲೆ ದನಿ ಇಳಿಸಿ ಹೇಳಿದಳು. "ನಂಗೂ ಅಂಗೇ ಆಗಿತ್ತು ಕಣಕ್ಕ. ಟೀಚರ್‌ಗೆ ಆಗಕ್ಕೂ ಮುಂಚೇನೇ. ನಮ್ ಪಕ್ಕದ್ಮನೆ ತೊಟ್ಲಲ್ಲಿ ಗಿಲಕಿ ಕಟ್ಟಿದ್ರು, ಚೆಂದಾಗೈತೆ ಅಂತ ಆ ಚೀಟೀಲಿದ್ದುದ್ದ ಮೊಬೈಲಲ್ಲಿ ಒತ್ತುದೆ. ಎಲ್ ತಪ್ಪೋಯ್ತೋ ಏನೋ, ಅದೇ ಬಂದ್ಬುಡ್ತು. ನಮ್ಮತ್ತೆ ಪಕ್ಕದಲ್ಲೇ ಕುಂತಿದ್ರು. ಅವತ್ತಿಂದ ನನ್ ಮೊಬೈಲು ನಮ್ಮತ್ತೆ ಪೆಟ್ಟಿಗೇಲೈತೆ. ನಮ್ಮವ್ವನ್ ತಾವ ಮಾತಾಡ್ಬೇಕಂದ್ರೂ ಅವ್ರ ಎದುರ್ಗೇ ಮಾತಾಡ್ಬೇಕು."

ಬಾಗಿಲ ಹತ್ತಿರ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳಿಗೆ ಅದು ಕೇಳಿಸಿತ್ತು. "ಏನವ್ವ, ನಿಂಗೂ ಬಂದಿತ್ತಾ? ಅಂಗಾರೆ ಟೀಚರ್ದೇನೂ ತಪ್ಪಿಲ್ಲ ಅನ್ನು," ಎಂದಳು ಗಟ್ಟಿಯಾಗಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟಳು. "ಅವತ್ತೇ ಯಾಕವ್ವ ಏಳ್ಲಿಲ್ಲ? ನೀನೂ ಇಲ್ಲೇ ಕುಂತಿದ್ದಲ್ಲ?"

ಆ ಹುಡುಗಿಯ ಕಣ್ಣು ತುಂಬಿತು. "ಬಾಯ್ ಬುಡಕ್ಕೆ ಭಯ ಆಯ್ತು ಟೀಚರ್. ನಿಮ್ಮನ್ನೇ ಅಂಗ್ ಅಂದೋರು ನನ್ನ ಸುಮ್ಕೆ ಬುಟ್ಟಾರಾ?"

ಅಕ್ಕ ಅವಳನ್ನು ಬಯ್ಯುತ್ತಾಳೆಂದು ನಾನು ಹೆದರಿದ್ದೆ. ಬಯ್ಯಲಿಲ್ಲ. ಸಭೆ ಮುಗಿಸಿ, ಬಾಗಿಲಿಗೆ ಬೀಗ ಹಾಕಿ, ಆ ಹುಡುಗಿಯನ್ನೂ ನನ್ನನ್ನೂ ಕರೆದುಕೊಂಡು ನೇರವಾಗಿ ಅವರ ಮನೆಗೆ ನಡೆದಳು. ಅತ್ತೆ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಅಕ್ಕ ಜಗಲಿಗೂ ಹತ್ತಲಿಲ್ಲ, ನಿಂತೇ ಹೇಳಿದಳು.

"ಅತ್ತೆಮ್ಮ, ನಿಮ್ ಸೊಸೆ ಮೊಬೈಲಲ್ಲಿ ಬಂದಿದ್ದೇ ನನ್ ಮೊಬೈಲಲ್ಲೂ ಬಂದಿದ್ದು. ಅವ್ಳು ಹುಡುಕಿದ್ದು ಮಗೀಗೆ ಗಿಲಕಿಯ. ನಾನ್ ಹುಡುಕಿದ್ದೂ ಅದನ್ನೇ. ಅವ್ಳು ಕೆಟ್ಟೋಳು ಅನ್ನಂಗಿದ್ರೆ ಮೊದ್ಲು ನನ್ನ ಅನ್ನಿ. ಇಲ್ಲೇ ನಿಂತಿವ್ನಿ."

ಅತ್ತೆ ಮೊರ ಕೆಳಗಿಟ್ಟರು. ಅಕ್ಕನನ್ನೂ ನನ್ನನ್ನೂ ಸೊಸೆಯನ್ನೂ ಒಂದು ಸುತ್ತು ನೋಡಿದರು. "ನಮ್ಗೇನ್ ಗೊತ್ತಾಯ್ತದೆ ತಾಯಿ, ಆ ಡಬ್ಬೀಲಿ ಏನೇನ್ ಐತೋ," ಎಂದು ಗೊಣಗುತ್ತ ಒಳಗೆ ಹೋದರು. ಪೆಟ್ಟಿಗೆ ತೆಗೆದ ಸದ್ದು ಕೇಳಿಸಿತು. ಮೊಬೈಲನ್ನು ಸತ್ತ ಇಲಿಯನ್ನು ಬಾಲ ಹಿಡಿದು ತರುವ ಹಾಗೆ ಎರಡು ಬೆರಳಲ್ಲಿ ಹಿಡಿದು ತಂದು ಸೊಸೆಯ ಕೈಗೆ ಹಾಕಿದರು. ಕ್ಷಮೆಯ ಮಾತಿಲ್ಲ, ಕೂತ್ಕೊಳ್ಳಿ ಎಂಬ ಮಾತೂ ಇಲ್ಲ. ಆದರೂ ಆ ಹುಡುಗಿ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಅಲ್ಲೇ ನಿಂತು ತನ್ನ ತಾಯಿಗೆ ಫೋನು ಮಾಡಿದಳು.

ವಾಪಸು ಬರುವಾಗ ಅಕ್ಕ ರಸ್ತೆಯ ಬದಿಗೆ ಸರಿದು ಒಮ್ಮೆ ಥೂ ಎಂದು ಉಗಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಊರಿನ ಮಾತು ಆಮೇಲೆ ತಣ್ಣಗಾಯಿತು, ಮುಂದಿನ ತಿಂಗಳು ಹೆಂಗಸರೆಲ್ಲ ಸಭೆಗೆ ಬಂದರಂತೆ. ಭಾವ ಮಾತ್ರ ತಪ್ಪಾಯಿತು ಎಂದು ಇವತ್ತಿಗೂ ಅಂದಿಲ್ಲ. ಅಕ್ಕನೂ ಅದನ್ನು ನುಂಗಿಕೊಂಡಿಲ್ಲ. ಅವರ ಎದುರು ಅವಳು ಮೊಬೈಲು ಮುಟ್ಟುವುದೇ ಇಲ್ಲ. ಯಾರದಾದರೂ ಕರೆ ಬಂದರೆ, "ನೀವೇ ಎತ್ತಿ," ಎನ್ನುತ್ತಾಳೆ.

ನಾವು ಈಗ ಫೋನಿನಲ್ಲೇ ಆರ್ಡರು ತೆಗೆದುಕೊಳ್ಳುತ್ತೇವೆ. ಆ ತಪ್ಪು ವಿಳಾಸ ಈಗ ಯಾರನ್ನು ಎಲ್ಲಿಗೆ ತಳ್ಳುತ್ತಿದೆಯೋ ನನಗೆ ಗೊತ್ತಿಲ್ಲ. ಒತ್ತಿ ನೋಡಲು ಮನಸ್ಸು ಬರುವುದಿಲ್ಲ. ಹೊಸ ಗಿರಾಕಿಗಳು ನಿಮ್ಮ ವೆಬ್‌ಸೈಟ್ ಯಾವುದು ಎಂದು ಕೇಳಿದಾಗ ನಾನು, ಇಲ್ಲ, ಬೇಕಾದರೆ ಮನೆಗೇ ಬನ್ನಿ ಎನ್ನುತ್ತೇನೆ. ಈಗಿನ ಕಾಲದಲ್ಲಿ ವೆಬ್‌ಸೈಟ್ ಇಲ್ಲವೇ ಎಂದು ಕೆಲವರು ನಗುತ್ತಾರೆ. ಕೆಲವರು ಬಂದೇ ಬಿಡುತ್ತಾರೆ. ಅಂಥವರಿಗೆ ಮೊದಲು ಕೂರಲು ಮಣೆ ಕೊಟ್ಟು, ಹಿಂದಿನ ಶೆಡ್ಡಿನ ವಾಸನೆಗೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ, ಗಿಲಕಿಗಳನ್ನು ಚಾಪೆಯ ಮೇಲೆ ಸುರಿಯುತ್ತೇನೆ.